ಭಂಗಾರವೂ ಅಲ್ಲದ ಬಂಗಾರ: ಇಂಗಾಲದ ಎಳೆಯ ಮರುಬಾಳು

(ಸಂಘದ ಉಚಿತ ವಾಚನಾಲಯದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಹೋದ ತಿಂಗಳು ಇಲ್ಲಿ ಕೂಡಿದ್ದಾಗ ನಮ್ಮ ಹಿರಿಯರೊಬ್ಬರು ಪತ್ರಿಕೆಯಿಂದ ತಲೆಯೆತ್ತಿ ಒಂದು ಪ್ರಶ್ನೆ ಹಾಕಿದರು: "ನಿಮ್ಮ ಕಾರಖಾನೆಯ ಹಿತ್ತಲಲ್ಲಿ ಕಪ್ಪು ಬಟ್ಟೆಯ ತುಂಡುಗಳು ಚೀಲಗಟ್ಟಲೆ ಬಿದ್ದಿರುತ್ತವಲ್ಲ, ಅವನ್ನು ಕೊನೆಗೆ ಏನು ಮಾಡುತ್ತೀರಪ್ಪಾ?" ನಾವು ಮೂವರು ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಉತ್ತರ ಗೊತ್ತಿರಲಿಲ್ಲವೆಂದಲ್ಲ, ಗೊತ್ತಿದ್ದುದನ್ನು ನಾಲ್ಕು ಜನರೆದುರು ಹೇಳಲು ನಾಚಿಕೆಯಾಯಿತು. ಅಂದು ನುಂಗಿಕೊಂಡ ಉತ್ತರವನ್ನು ಇಂದು ಸವಿಸ್ತಾರವಾಗಿ ಹೇಳಬೇಕೆಂದು ನಿಂತಿದ್ದೇವೆ.

ನಾವು ವಿದ್ವಾಂಸರಲ್ಲ. ಸಿನ್ನರಿನ ಔದ್ಯೋಗಿಕ ವಸಾಹತಿನ ಒಂದು ಸಣ್ಣ ಕಾರಖಾನೆಯಲ್ಲಿ ಈ ಕಪ್ಪು ಬಟ್ಟೆಯನ್ನು ಕತ್ತರಿಸಿ, ಅಂಟು ಕೂಡಿಸಿ, ಅಚ್ಚಿನಲ್ಲಿ ಕೂರಿಸಿ ಬೇಯಿಸುವವರು. ಆದಕಾರಣ ಇಲ್ಲಿ ಹೇಳುವುದರಲ್ಲಿ ಓದಿ ತಿಳಿದದ್ದು ಅರ್ಧ, ಮಾಡಲು ಹೋಗಿ ಕೆಡಿಸಿ ತಿಳಿದದ್ದು ಅರ್ಧ.

ನಮ್ಮ ನಾಡಿನಿಂದ ಈ ಕಡೆಗೆ ಹೊಸದಾಗಿ ಬಂದವರಿಗೆಲ್ಲ ಒಂದು ಮರಾಠಿ ಶಬ್ದ ಮೊದಮೊದಲು ನಗು ತರಿಸುತ್ತದೆ. ಬೆಳಗಾಗುತ್ತಲೇ ಕೈಗಾಡಿಯವನು "ಭಂಗಾರ್, ಭಂಗಾರ್" ಎಂದು ಕೂಗುತ್ತ ಓಣಿಯಲ್ಲಿ ಬರುತ್ತಾನೆ. ನಮ್ಮ ತಾಯಂದಿರು, ಇದೇನು, ಬಂಗಾರವನ್ನು ಬೀದಿಯಲ್ಲಿ ಮಾರುತ್ತಾನೆಯೇ ಎಂದು ಬಾಗಿಲಿಗೆ ಬಂದು ನೋಡಿದರೆ, ಅವನ ಗಾಡಿಯ ತುಂಬ ತುಕ್ಕು ಹಿಡಿದ ತಗಡು, ಒಡೆದ ಬಾಲ್ದಿ, ಹಳೆಯ ಸೈಕಲ್ಲು. ನಮಗೆ ಬಂಗಾರ ಚಿನ್ನ. ಇವರಿಗೆ ಭಂಗಾರ ಮೋಡಕಾ ಸಾಮಾನು. ಉಚ್ಚಾರದಲ್ಲಿ ಒಂದು ಉಸಿರಿನ ಅಂತರ. ನಾವು ಹೇಳಹೊರಟ ವಸ್ತುವು ಈ ಎರಡು ಶಬ್ದಗಳ ನಡುವೆ ಸಿಕ್ಕಿಕೊಂಡಿದೆ.

ಹಳೆಯ ಕಾಲದ ಸಾಮಗ್ರಿಗಳಿಗೆಲ್ಲ ಒಂದು ಮುದಿತನದ ದಾರಿ ಇತ್ತು. ಈ ಸಿನ್ನರವು ಸೇವುಣರು ದೇವಗಿರಿಗೆ ಹೋಗುವ ಮುಂಚೆ ಆಳಿದ ಊರು. ಅವರ ಶಾಸನಗಳಲ್ಲಿ ನೂರಾರು ಕನ್ನಡದಲ್ಲಿವೆ, ಅವರ ಕಾಲದ ಗೋಂದೇಶ್ವರ ಗುಡಿಯನ್ನು ನೀವೆಲ್ಲರೂ ನೋಡಿದ್ದೀರಿ. ಅಂಥ ಗುಡಿಯ ಕಲ್ಲು ಉರುಳಿದರೂ ಬಾವಿಯ ಕಟ್ಟೆಗೋ ಹೊಲದ ಒಡ್ಡಿಗೋ ಕಲ್ಲಾಗಿಯೇ ಒದಗುತ್ತದೆ. ಕಬ್ಬಿಣವಾದರೆ ಸಮೃದ್ಧಿ ಮಹಾಮಾರ್ಗ ಹಿಡಿದು ಸಂಭಾಜಿನಗರ ದಾಟಿ ಜಾಲನೆಗೆ ಹೋಗುತ್ತದೆ; ಅಲ್ಲಿನ ಕುಲುಮೆಗಳಲ್ಲಿ ನಮ್ಮೂರ ಹರಕು ತಗಡು ಕರಗಿ ಹೊಸ ಸಲಾಕೆಯಾಗಿ ಮರಳಿ ನಮ್ಮದೇ ಮನೆಯ ಮಾಳಿಗೆಗೆ ಬರುತ್ತದೆ. ಯೇವಲೆಯ, ಪೈಠಣದ ಹಳೆಯ ಜರತಾರಿ ಸೀರೆ ಹರಿದರೆ ಅದನ್ನು ಕೊಳ್ಳುವವನು ಬಂದು ಜರಿಯನ್ನು ಸುಟ್ಟು ಬೆಳ್ಳಿ ತೆಗೆಯುತ್ತಾನೆ. ರೇಷ್ಮೆ ಬೂದಿಯಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಈ ಜರಿಯ ದೃಷ್ಟಾಂತವನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಪ್ಪು ಬಟ್ಟೆಗೆ ಇಂಥ ದಾರಿಯನ್ನು ಇನ್ನೂ ಯಾರೂ ಚೆನ್ನಾಗಿ ತುಳಿದು ಹಸನು ಮಾಡಿಲ್ಲ. ಅದು ಯಾವ ವಸ್ತು ಎಂಬುದನ್ನು ಮೊದಲು ತಿಳಿಯೋಣ.

ಇಂಗಾಲದ ಎಳೆ, ಕಾರ್ಬನ್ ಫೈಬರ್ ಎಂದು ಎಲ್ಲರೂ ಕರೆಯುವುದು, ಹೊಸ ಕಲ್ಪನೆಯಲ್ಲ. 1879ರಲ್ಲಿ ಎಡಿಸನ್ ಸಾಹೇಬರು ಹೊಲಿಗೆಯ ಹತ್ತಿ ದಾರವನ್ನು ಗಾಳಿ ತಾಗದಂತೆ ಸುಟ್ಟು ಇಂಗಾಲದ ಎಳೆ ಮಾಡಿ ದೀಪದೊಳಗೆ ಇಟ್ಟರು. ಮರುವರ್ಷ ಬಿದಿರಿನ ಸೀಳನ್ನು ಹಾಗೆಯೇ ಸುಟ್ಟರು. ಅದು ಬೆಳಕು ಕೊಟ್ಟಿತು, ಬಲ ಕೊಡಲಿಲ್ಲ. ಬಲದ ಎಳೆ ಬಂದದ್ದು ಜಪಾನಿನ ಅಕಿಯೊ ಶಿಂದೊ ಎಂಬವರು 1960ರ ಆಸುಪಾಸಿನಲ್ಲಿ ಅಕ್ರಿಲಿಕ್ ಜಾತಿಯ ನೂಲನ್ನು ಹಿಡಿದ ಮೇಲೆ. ಚಳಿಗಾಲದಲ್ಲಿ ರಸ್ತೆಯ ಬದಿ ಮಾರುವ ಅಗ್ಗದ ಸ್ವೆಟರಿನ ನೂಲಿಗೆ ಇದು ಹತ್ತಿರದ ದಾಯಾದಿ. ಅದನ್ನು ಮೊದಲು ಗಾಳಿಯಲ್ಲಿ 200ರಿಂದ 300 ಡಿಗ್ರಿಯಲ್ಲಿ ಮೆಲ್ಲನೆ ಹುರಿಯುತ್ತಾರೆ. ಬಳಿಕ ಸಾರಜನಕದ ಮುಸುಕಿನಲ್ಲಿ 1000 ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಎರಡು ಸೇರು ನೂಲು ಹೋದರೆ ಒಂದು ಸೇರು ಎಳೆ ಬರುತ್ತದೆ. ಇಂಗ್ಲೆಂಡಿನ ಫಾರ್ನ್‌ಬರೋ ವಿಮಾನ ಸಂಶೋಧನಾಲಯದವರು ಅದೇ ದಶಕದಲ್ಲಿ, ಹುರಿಯುವಾಗ ನೂಲನ್ನು ಎಳೆದು ಹಿಡಿದರೆ ಬಲ ಇನ್ನೂ ಹೆಚ್ಚುತ್ತದೆಂದು ಕಂಡರು. 1971ರಿಂದ ಜಪಾನಿನ ತೊರೇ ಕಂಪನಿ ಅದನ್ನು ವ್ಯಾಪಾರಕ್ಕೆ ತಂದಿತು.

ಹೀಗೆ ಬಂದ ಒಂದೊಂದು ಎಳೆಯ ದಪ್ಪ 5ರಿಂದ 7 ಮೈಕ್ರಾನ್. ನಮ್ಮ ತಲೆಗೂದಲಿನ ಹತ್ತನೆಯ ಒಂದು ಪಾಲು. ತೂಕ ಉಕ್ಕಿನ ಕಾಲುಭಾಗಕ್ಕಿಂತ ಕಡಿಮೆ, ಎಳೆತವನ್ನು ತಡೆಯುವ ಶಕ್ತಿ ಸಾಮಾನ್ಯ ಉಕ್ಕಿನ ಹಲವು ಪಟ್ಟು. ಇಂಥ 3000 ಅಥವಾ 12000 ಎಳೆಗಳ ಕಟ್ಟನ್ನು ನೇಯ್ದರೆ ಅದೇ ನಮ್ಮ ಕಪ್ಪು ಬಟ್ಟೆ. ಆದರೆ ಎಳೆ ಒಂದೇ ಇದ್ದರೆ ಅದು ದಾರ. ಎಳೆದರೆ ನಿಲ್ಲುತ್ತದೆ, ಒತ್ತಿದರೆ ಬಾಗುತ್ತದೆ. ಮಣ್ಣಿಗೆ ಹುಲ್ಲು ಕಲಸಿ ಗೋಡೆ ಮೆತ್ತುವಂತೆ, ಇದಕ್ಕೆ ಎಪಾಕ್ಸಿ ಎಂಬ ರಾಳವನ್ನು ಕೂಡಿಸಿ ಕಾವು ಕೊಟ್ಟರೆ ಎರಡೂ ಸೇರಿ ಕಲ್ಲಿನಂಥ ಹಾಳೆಯಾಗುತ್ತದೆ. ಇದಕ್ಕೆ ಕಾಂಪೊಸಿಟ್ ಎಂದು ಹೆಸರು.

ಇಲ್ಲಿಂದ ದೂರವಲ್ಲದ ಓಝರಿನಲ್ಲಿ 1964ರಿಂದ ಹಿಂದುಸ್ತಾನ್ ಏರೋನಾಟಿಕ್ಸಿನ ವಿಮಾನ ಕಾರಖಾನೆ ಇದೆ. ಅಲ್ಲಿ ಕಟ್ಟಿದ ಮೊದಲನೆಯ ತೇಜಸ್ ಮಾರ್ಕ್ 1-ಎ ವಿಮಾನ 2025ರ ಅಕ್ಟೋಬರ್ 17ರಂದು ಹಾರಿತು. ಆ ತೇಜಸ್ಸಿನ ಒಡಲಿನ ತೂಕದಲ್ಲಿ ನೂರಕ್ಕೆ 45 ಪಾಲು ಇದೇ ಕಾಂಪೊಸಿಟ್. ಅದರ ಬಾಲದ ರೆಕ್ಕೆ ಮುಂತಾದ ಎಷ್ಟೋ ಅಂಗಗಳನ್ನು ರೂಪಿಸಿದವರು ನಮ್ಮ ಬೆಂಗಳೂರಿನ ಎನ್.ಎ.ಎಲ್.ನವರು ಎಂದು ಹೇಳಲು ಕನ್ನಡಿಗರಾದ ನಮಗೆ ಸ್ವಲ್ಪ ಬೀಗುವುದಕ್ಕೂ ಹಕ್ಕುಂಟು. ಅಮೆರಿಕದ ಬೋಯಿಂಗ್ 787ರಲ್ಲಿ ಕಾಂಪೊಸಿಟ್ಟಿನ ಪಾಲು ತೂಕದ ಅರ್ಧ. ಸೈಕಲ್ಲು, ಡ್ರೋಣ್, ಕೃತಕ ಕಾಲು, ಗಾಳಿಯಂತ್ರದ ಅಲಗು, ಹೀಗೆ ಅದು ಇಳಿದು ಇಳಿದು ನಮ್ಮಂಥವರ ಸಣ್ಣ ಕಾರಖಾನೆಗೂ ಬಂದಿದೆ.

ಬಂದ ಮೇಲೆ ಕಸವೂ ಬಂತು. ದರ್ಜಿಯ ಅಂಗಡಿಯಲ್ಲಿ ಅಂಗಿ ಕತ್ತರಿಸಿದರೆ ತುಂಡುಗಳು ಬೀಳುವುದಿಲ್ಲವೇ? ಇಲ್ಲಿಯೂ ಹಾಗೆಯೇ, ಎಳೆ ಯಾವ ದಿಕ್ಕಿಗೆ ಮಲಗಬೇಕೆಂಬ ಕಟ್ಟುಪಾಡು ಇರುವುದರಿಂದ ತುಂಡು ಇನ್ನೂ ಹೆಚ್ಚು. ನೂರು ಮೀಟರ್ ತಂದರೆ ಇಪ್ಪತ್ತು ಮೂವತ್ತು ಮೀಟರ್ ಮೇಜಿನ ಕೆಳಗೆ ಹೋಗುವುದು ಸಾಧಾರಣ. ಮೊದಲೇ ರಾಳ ಹಚ್ಚಿದ ಬಟ್ಟೆಯೊಂದಿದೆ, ಪ್ರಿಪ್ರೆಗ್ ಎನ್ನುತ್ತಾರೆ. ಅದನ್ನು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಶೀತಪೆಟ್ಟಿಗೆಯಲ್ಲಿ ಇಡಬೇಕು, ಇಟ್ಟರೂ ಹಾಲಿನಂತೆ ಅದಕ್ಕೊಂದು ಗಡುವು. ಗಡುವು ಮೀರಿದರೆ ಇಡೀ ಸುರುಳಿಯೇ ಕಸ. ಬೆಂದ ಮೇಲೆ ಅಂಚು ಕೊಯ್ದದ್ದು, ಗುಳ್ಳೆ ಬಂದು ತಿರಸ್ಕೃತವಾದದ್ದು, ಇವೆಲ್ಲ ಮತ್ತೊಂದು ರಾಶಿ.

ಇನ್ನು ಹಿರಿಯರ ಪ್ರಶ್ನೆಗೆ ಬರೋಣ. ನಾವು ಹಿಂದೆ ದುಡಿದ ಒಂದು ಕಾರಖಾನೆಯಲ್ಲಿ, ಅದರ ಹೆಸರು ಇಲ್ಲಿ ಬೇಡ, ಈ ರಾಶಿಯನ್ನು ರಾತ್ರಿಯ ಪಾಳಿಯಲ್ಲಿ ಹಿತ್ತಲಲ್ಲಿ ಹಾಕಿ ಬೆಂಕಿ ಇಡುತ್ತಿದ್ದರು. ಕಟ್ಟಿಗೆಯಂತೆ ಅದು ಉರಿದು ಬೂದಿಯಾಗುತ್ತದೆಂದು ಭಾವಿಸಿದ್ದರು. ರಾಳ ಉರಿಯಿತು, ಕಣ್ಣು ಕೀಳುವ ಹೊಗೆ ಬಂತು. ಎಳೆ ಮಾತ್ರ ಹೊಳೆಯುತ್ತ ಹಾಗೆಯೇ ಬಿದ್ದಿತ್ತು. ಗಾಳಿ ಬಂದಾಗ ಜೇಡರ ಬಲೆಯಂತೆ ತೇಲಿತು. ಮೈಗೆ ತಾಗಿದವರು ವಾರಗಟ್ಟಲೆ ಕೆರೆದುಕೊಂಡರು. ಇಷ್ಟೇ ಆಗಿದ್ದರೆ ಮಾಲೀಕರು ಗಮನಿಸುತ್ತಿರಲಿಲ್ಲವೇನೋ. ಮೂರನೆಯ ದಿನದಿಂದ ಕಾರಖಾನೆಯ ವಿದ್ಯುತ್ತು ಹೊತ್ತಲ್ಲದ ಹೊತ್ತಿನಲ್ಲಿ ಬೀಳತೊಡಗಿತು. ವೈರ್‌ಮನ್ ಬಂದು ಸ್ವಿಚ್ಚಿನ ಪೆಟ್ಟಿಗೆ ತೆರೆದು ನೋಡಿದರೆ ತಂತಿಗಳ ನಡುವೆ ಕಪ್ಪು ನವಿರು! ಇಂಗಾಲದ ಎಳೆ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ನಾವು ಓದಿದ್ದೆವು, ಅಂದು ಕಂಡೆವು. ಈ ಗುಣವನ್ನು ಬಲ್ಲವರು ಇದನ್ನು ಆಯುಧವನ್ನಾಗಿಯೂ ಮಾಡಿದ್ದಾರೆ. 1999ರಲ್ಲಿ ಸರ್ಬಿಯದ ವಿದ್ಯುತ್ ತಂತಿಗಳ ಮೇಲೆ ಇಂಥ ನವಿರನ್ನು ಸುರಿದು ಊರೂರನ್ನೇ ಕತ್ತಲೆಗೆ ತಳ್ಳಿದರು. ಇನ್ನು ಶ್ವಾಸದ ಮಾತು: ಎಳೆ ಇದ್ದ ದಪ್ಪದಲ್ಲೇ ಇದ್ದರೆ ಬಹುಮಟ್ಟಿಗೆ ಪುಪ್ಪುಸದ ಆಳಕ್ಕೆ ಇಳಿಯದು, ಆದರೆ ಬೆಂಕಿಯಲ್ಲಿ ಸವೆದು ತೆಳ್ಳಗಾದರೆ ಇಳಿಯಬಲ್ಲದು. ಆದ್ದರಿಂದ ತಾಯಂದಿರಲ್ಲಿ ವಿಶೇಷವಾಗಿ ಬಿನ್ನಹ: ಈ ತುಂಡುಗಳನ್ನು ಯಾರಾದರೂ ಒಲೆಗೆ ತಂದುಕೊಟ್ಟರೆ ತೆಗೆದುಕೊಳ್ಳಬೇಡಿ.

ಸುಡುವುದನ್ನು ನಿಲ್ಲಿಸಿ ಹೂಳಿದರೆ ಆಯಿತಲ್ಲ ಎನ್ನಬಹುದು. ಹೂತದ್ದು ಕೊಳೆಯದು. ಅದಕ್ಕಿಂತ ಹೆಚ್ಚಿನ ಮಾತೊಂದಿದೆ. ಒಂದು ಕಿಲೋ ಹೊಸ ಎಳೆ ಮಾಡಲು ಸುಮಾರು 50ರಿಂದ 80 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕೆಂದು ಬಲ್ಲವರ ಲೆಕ್ಕ. ಒಂದು ಸಾಧಾರಣ ಸಂಸಾರದ ಹಲವು ದಿನಗಳ ದೀಪ, ಫ್ಯಾನು, ಮಿಕ್ಸರು ಎಲ್ಲ ಅದರಲ್ಲಿ ಅಡಗಿದೆ. ಅದೇ ಎಳೆಯನ್ನು ಕಸದಿಂದ ಬಿಡಿಸಿ ತೆಗೆಯಲು ಅದರ ಹತ್ತನೆಯ ಒಂದು ಪಾಲಿನಷ್ಟು ಸಾಕು. ನಮ್ಮ ದೇಶ ಈ ಎಳೆಯನ್ನು ಬಹುಪಾಲು ಹೊರಗಿನಿಂದ ತರಿಸುತ್ತದೆ. ಒಳ್ಳೆಯ ದರ್ಜೆಯದನ್ನು ತರಿಸಲು ಕಳಿಸುವ ದೇಶದ ಅಪ್ಪಣೆಚೀಟಿಯೂ ಬೇಕು. ಎನ್.ಎ.ಎಲ್.ನ ಕ್ರಮವನ್ನು ಹಿಡಿದು ವಡೋದರದ ಕೆಮ್‌ರಾಕ್ ಸಂಸ್ಥೆ 2010ರಲ್ಲಿ ಇಲ್ಲಿಯೇ ತಯಾರಿಕೆಗೆ ಇಳಿಯಿತು. ಮುಂದೆ ಆ ಆಸ್ತಿ 2017ರಲ್ಲಿ ರಿಲಯನ್ಸಿಗೆ ಸೇರಿತು. ಹಜೀರಾದಲ್ಲಿ ದೊಡ್ಡ ಕಾರಖಾನೆ ಕಟ್ಟುವುದಾಗಿ ಅವರು 2022ರಲ್ಲಿ ಸಾರಿದರು. ಅದು ದೊಡ್ಡವರ ಕೆಲಸ. ಕೈಯಲ್ಲಿ ಬಂದದ್ದನ್ನು ಮೂರರಲ್ಲೊಂದು ಪಾಲು ನೆಲಕ್ಕೆ ಚೆಲ್ಲುವವರು ನಾವು, ಅದು ನಮ್ಮ ಕೆಲಸ.

ಹಾಗಾದರೆ ಎಳೆಯನ್ನು ಬಿಡಿಸುವುದು ಹೇಗೆ? ಕಬ್ಬಿಣದಂತೆ ಕರಗಿಸಲು ಬಾರದು. ಬೆಂದ ಎಪಾಕ್ಸಿ ಸುಟ್ಟ ಮಡಕೆಯಿದ್ದಂತೆ. ಕುಂಬಾರನು ಏನು ಮಾಡಿದರೂ ಅದು ಮತ್ತೆ ಹಸಿ ಮಣ್ಣಾಗದು. ಗಾಜಿನ ಎಳೆಯ ಕಸವಾದರೆ ಸಿಮೆಂಟಿನ ಗೂಡಿಗೆ ಹಾಕುತ್ತಾರೆ, ಅದರ ಮರಳಿನಂಶ ಸಿಮೆಂಟಿನಲ್ಲಿ ಬೆರೆಯುತ್ತದೆ. ಇಂಗಾಲದ ಎಳೆಗೆ ಆ ಗೂಡು ಒಗ್ಗದು. ಪುಡಿ ಮಾಡಿ ಬೇರೆ ಪ್ಲಾಸ್ಟಿಕ್ಕಿಗೆ ಬೆರೆಸಬಹುದು, ಆದರೆ ರೇಷ್ಮೆಯನ್ನು ಅರೆದು ಗೋಡೆಗೆ ಸುಣ್ಣದಲ್ಲಿ ಕಲಸಿದಂತಾಯಿತು.

ಹೆಚ್ಚು ಬಳಕೆಗೆ ಬಂದ ಮಾರ್ಗ ಇದ್ದಿಲು ಸುಡುವವರ ಮಾರ್ಗವೇ. ಗಾಳಿಯಾಡದ ಗೂಡಿನಲ್ಲಿ 450ರಿಂದ 600 ಡಿಗ್ರಿಗೆ ಕಾಯಿಸಿದರೆ ರಾಳವು ಒಡೆದು ಆವಿಯಾಗಿ, ಎಣ್ಣೆಯಾಗಿ ಹೊರಡುತ್ತದೆ. ಆ ಆವಿಯನ್ನೇ ಉರಿಸಿ ಗೂಡಿಗೆ ಕಾವು ಕೊಡಬಹುದು. ಪೈರಾಲಿಸಿಸ್ ಎಂಬ ದೊಡ್ಡ ಹೆಸರಿನ ಅರ್ಥ ಇಷ್ಟೇ. ಇಲ್ಲಿ ಜರಿಯ ಮಾತು ನೆನೆಯಿರಿ. ಅಲ್ಲಿ ನೂಲು ಸುಟ್ಟು ಲೋಹ ಉಳಿಯುತ್ತಿತ್ತು. ಇಲ್ಲಿ ಸುತ್ತಲಿನದು ಹೋಗಿ ನೂಲು ಉಳಿಯುತ್ತದೆ. ಆದರೆ ಎಳೆಯ ಮೈಮೇಲೆ ರಾಳದ ಮಸಿ ಕೂರುತ್ತದೆ. ಅದನ್ನು ತೆಗೆಯಲು ಕೊನೆಯಲ್ಲಿ ಸ್ವಲ್ಪವೇ ಗಾಳಿ ಬಿಡಬೇಕು. ಹೆಚ್ಚು ಬಿಟ್ಟರೆ ಮಸಿಯೊಂದಿಗೆ ಎಳೆಯೂ ಸವೆಯುತ್ತದೆ. ಎಳೆಯೂ ಇಂಗಾಲವೇ ಅಲ್ಲವೇ! ಕಡಿಮೆ ಬಿಟ್ಟರೆ ಎಳೆಗಳು ಒಂದಕ್ಕೊಂದು ಅಂಟಿ ಹಪ್ಪಳವಾಗುತ್ತವೆ. ಈ ಕಸುಬಿನ ಜಾಣತನವೆಲ್ಲ ಆ ಕೊನೆಯ ಗಳಿಗೆಯಲ್ಲಿದೆ.

ಇದನ್ನು ನಾವು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣ, ನಾವೇ ಹಪ್ಪಳ ಮಾಡಿದವರು. ಗೆಳೆಯನ ಈರುಳ್ಳಿ ಹೊಲದ ಮೂಲೆಯಲ್ಲಿ ಒಂದು ಕಬ್ಬಿಣದ ಡ್ರಮ್ಮಿಗೆ ಬೆಂದ ತುಂಡುಗಳನ್ನು ತುಂಬಿ, ಮುಚ್ಚಳಕ್ಕೆ ಮಣ್ಣು ಮೆತ್ತಿ, ಆವಿ ಹೋಗಲು ಒಂದು ಕೊಳವೆ ಬಿಟ್ಟು, ಕೆಳಗೆ ಕಟ್ಟಿಗೆ ಉರಿಸಿದೆವು. ಮೊದಲ ಸಲ ತಾಳ್ಮೆ ಸಾಲದೆ ಬಿಸಿಯಿರುವಾಗಲೇ ಮುಚ್ಚಳ ತೆಗೆದೆವು. ಗಾಳಿ ನುಗ್ಗಿತು, ರಾಶಿ ಕೆಂಡವಾಗಿ ಮಿನುಗಿತು. ಮೇಲಿನ ಪದರು ನಮ್ಮ ಕಣ್ಣೆದುರೇ ಕ್ಷಯಿಸಿತು. ಎರಡನೆಯ ಸಲ ರಾತ್ರಿಯಿಡೀ ಬಿಟ್ಟು ಬೆಳಗ್ಗೆ ತೆಗೆದಾಗ ಬಟ್ಟೆಯ ನೇಯ್ಗೆ ಹಾಗೆಯೇ ಕಾಣುತ್ತಿತ್ತು, ಕೈಗೆತ್ತಿಕೊಂಡರೆ ಕಟಕಟನೆ ಮುರಿಯಿತು. ಅಷ್ಟರಲ್ಲಿ ಪಕ್ಕದ ಹೊಲದ ಅಜ್ಜ ಆ ನಾತಕ್ಕೆ ಮೂಗು ಮುಚ್ಚಿಕೊಂಡು ಬಂದು, ನಿಮ್ಮ ಹೆಣ ಸುಡುವ ಕೆಲಸವನ್ನು ಊರಾಚೆ ಇಟ್ಟುಕೊಳ್ಳಿ ಎಂದು ಬೈದು ಹೋದ. ಅವನ ಮಾತು ನ್ಯಾಯವೇ. ಆ ಆವಿಯಲ್ಲಿ ವಿಷದ ಅಂಶಗಳಿವೆ, ಅವನ್ನು ಹಿಡಿದು ಪೂರ್ತಿ ಉರಿಸುವ ಏರ್ಪಾಡಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ನಾವು ಡ್ರಮ್ಮನ್ನು ಅಲ್ಲಿಗೇ ಬಿಟ್ಟೆವು. ನೀವೂ ಇದನ್ನು ಮಾಡಿ ನೋಡಬೇಡಿ.

ಬೇರೆ ಮಾರ್ಗಗಳನ್ನೂ ಚುಟುಕಾಗಿ ಹೇಳಿಬಿಡುತ್ತೇವೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಬಿಸಿ ಗಾಳಿಯಲ್ಲಿ ಕುದಿಯುವಂತೆ ಕುಣಿಯುವ ಮರಳಿನೊಳಗೆ ಕಸದ ಚೂರುಗಳನ್ನು ಹಾಕಿ ಎಳೆಯನ್ನು ಗಾಳಿಯೊಡನೆ ಹಾರಿಸಿ ಹಿಡಿದರು. ಬಣ್ಣ ಬಳಿದ, ಮೊಳೆ ಕೂಡಿಕೊಂಡ ಕೊಳಕು ಕಸಕ್ಕೂ ಇದು ಆಗುತ್ತದೆ, ಆದರೆ ಎಳೆಯ ಬಲದಲ್ಲಿ ಕಾಲುಭಾಗಕ್ಕೂ ಮೇಲೆ ಕುಂದುತ್ತದೆ. ದ್ರಾವಣದಲ್ಲಿ ರಾಳವನ್ನು ಕರಗಿಸುವ ವಿಧಾನಗಳಲ್ಲಿ ಎಳೆ ಹೆಚ್ಚು ಚೊಕ್ಕಟವಾಗಿ ಬರುತ್ತದೆ, ಖರ್ಚು ಮತ್ತು ಒತ್ತಡದ ಪಾತ್ರೆಗಳ ತೊಡಕು ಹೆಚ್ಚು. ಇನ್ನೊಂದು ಉಪಾಯ ನಮಗೆ ಬಹಳ ಹಿಡಿಸಿತು: ರಾಳವನ್ನೇ ಬೇರೆ ಬಗೆಯಲ್ಲಿ ಕಟ್ಟುವುದು, ಬೇಕಾದಾಗ ಹುಳಿನೀರಿನಲ್ಲಿ ಅದ್ದಿ ಬಿಸಿ ಮಾಡಿದರೆ ಬಿಚ್ಚಿಕೊಳ್ಳುವಂತೆ. ಆದಿತ್ಯ ಬಿರ್ಲಾ ಬಳಗದ ಇಂಥ ರಾಳವನ್ನು ಬಳಸಿ ಸೀಮೆನ್ಸ್ ಗಮೇಸಾ ಕಂಪನಿ 2021ರಲ್ಲಿ ಗಾಳಿಯಂತ್ರದ ಅಲಗುಗಳನ್ನು ಮಾಡಿತು. ಮುಂದಿನ ಪೀಳಿಗೆಗೆ ಅದು ವರವಾದೀತು. ಈಗಾಗಲೇ ಬೆಂದು ಬಿದ್ದಿರುವುದಕ್ಕೆ ಪ್ರಯೋಜನವಿಲ್ಲ.

ಚೆನ್ನಾಗಿ ನಡೆಸಿದ ಗೂಡಿನಿಂದ ಬಂದ ಎಳೆಯ ಬಿಗುವು ಹೊಸದರಂತೆಯೇ ಇರುತ್ತದೆ, ಬಲದಲ್ಲಿ ನೂರಕ್ಕೆ ಹತ್ತರಷ್ಟು ಕಡಿಮೆಯಾದೀತು. ಹಾಗಿದ್ದರೆ ಏನು ಕಳೆಯಿತು? ಮೂರು ಸಂಗತಿ. ಒಂದು, ಉದ್ದ, ಕತ್ತರಿಸಿದ ತುಂಡಿನಿಂದ ಬಂದದ್ದು ತುಂಡೇ. ಎರಡು, ಸಾಲು, ನೇರವಾಗಿ ಮಲಗಿದ್ದ ಎಳೆಗಳು ಹತ್ತಿಯ ಅರಳೆಯಂತೆ ಕೆದರಿ ಬರುತ್ತವೆ. ಮೂರು, ಗಂಜಿ; ನಮ್ಮ ನೇಕಾರರು ಹಾಸಿಗೆ ಗಂಜಿ ಹಚ್ಚುವಂತೆ ಈ ಎಳೆಗೂ ಒಂದು ತೆಳು ಲೇಪ ಇರುತ್ತದೆ, ಅದು ಸುಟ್ಟುಹೋಗುತ್ತದೆ, ಮತ್ತೆ ಹಚ್ಚಬೇಕು.

ಆದ್ದರಿಂದ ರೆಕ್ಕೆಯಿಂದ ಬಂದದ್ದು ಮತ್ತೆ ರೆಕ್ಕೆಯಾಗದು. ಅದಕ್ಕೆ ದುಃಖಪಡಬೇಕಾಗಿಲ್ಲ. ನಮ್ಮ ಬಿಜಾಪುರ ಧಾರವಾಡದ ಕಡೆ ಹಳೆಯ ಸೀರೆ ಮತ್ತೆ ಸೀರೆಯಾಗುತ್ತದೆಯೇ? ಕೌದಿಯಾಗುತ್ತದೆ, ಮತ್ತು ಚಳಿಯಲ್ಲಿ ಕೌದಿಯಷ್ಟು ಹಿತವಾದದ್ದು ಮತ್ತೊಂದಿಲ್ಲ. ಮರಳಿ ಪಡೆದ ಎಳೆಯನ್ನು ಪಿಂಜಾರರು ಅರಳೆ ಹಿಂಜುವಂತೆಯೇ ಯಂತ್ರದಲ್ಲಿ ಹಿಂಜಿ, ಬೇರೆ ಪ್ಲಾಸ್ಟಿಕ್ ನೂಲಿನೊಡನೆ ಕೂಡಿಸಿ ಚಾಪೆ ಮಾಡುತ್ತಾರೆ. ಅದನ್ನು ಬಿಸಿ ಅಚ್ಚಿನಲ್ಲಿ ಒತ್ತಿದರೆ ಮೋಟಾರಿನ ಭಾಗಗಳಾಗುತ್ತವೆ. ಇಲ್ಲವೆ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ನೈಲಾನ್ ಗುಂಡುಗಳಲ್ಲಿ ಬೆರೆಸುತ್ತಾರೆ. ವಾಳುಜದಿಂದ ಬಂದಿರುವ ಬಂಧುಗಳಿಗೆ ಆ ಗುಂಡುಗಳ ಪರಿಚಯ ಉಂಟು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯು 2013ರಿಂದ 2022ರವರೆಗೆ ಕಟ್ಟಿದ ಐ-3 ಎಂಬ ವಿದ್ಯುತ್ ಕಾರಿನ ಮಾಳಿಗೆಗೆ ತನ್ನದೇ ಕಾರಖಾನೆಯ ತುಂಡೆಳೆಗಳನ್ನು ಬಳಸಿತು.

ಎಳೆ ಬಿಡಿಸುವುದು ಗೊತ್ತು, ಬಳಸುವುದು ಗೊತ್ತು. ನಡುವೆ ಏಕೆ ರಾಶಿ ಬಿದ್ದಿದೆ? ಇದನ್ನು ನಮಗೆ ಕಲಿಸಿದವರು ಇಬ್ಬರು. ಮೊದಲನೆಯವನು ನಮ್ಮ ಓಣಿಯ ಭಂಗಾರದವನು. ಒಂದು ಚೀಲ ಒಯ್ದು ಅವನ ಮುಂದೆ ಸುರಿದೆವು. ಅವನು ಅಯಸ್ಕಾಂತ ಹಿಡಿದು ನೋಡಿದ, ಅಂಟಲಿಲ್ಲ. ಚೀಲ ಎತ್ತಿ ನೋಡಿದ, ತೂಕವಿಲ್ಲ. ಬೆಂಕಿಕಡ್ಡಿ ಗೀರಿ ಹಿಡಿದ, ಕರಗಲಿಲ್ಲ. "ಅಣ್ಣಾ, ಇದು ಭಂಗಾರವೂ ಅಲ್ಲ, ಬರೀ ಕಚರಾ" ಎಂದು ಚೀಲವನ್ನು ನಮ್ಮ ಕಡೆಗೇ ನೂಕಿದ. ಎರಡನೆಯವರು ದೂರದ ಊರಿನ ಒಬ್ಬ ಖರೀದಿದಾರರು. ಅವರಿಗೆ ಪತ್ರ ಬರೆದಾಗ ಅವರು ಬೆಲೆ ಹೇಳಲಿಲ್ಲ, ಐದು ಪ್ರಶ್ನೆ ಕಳಿಸಿದರು: ಎಳೆ ಯಾವ ದರ್ಜೆಯದು? ರಾಳ ಯಾವುದು? ಒಣ ಬಟ್ಟೆಯೋ, ರಾಳ ಹಚ್ಚಿದ್ದೋ, ಬೆಂದದ್ದೋ? ತುಂಡಿನ ಉದ್ದವೆಷ್ಟು? ತಿಂಗಳಿಗೆ ಎಷ್ಟು ಕಿಲೋ? ಐದರಲ್ಲಿ ಒಂದಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಚೀಲದಲ್ಲಿ ಮೂರು ಬಗೆಯ ಎಳೆ, ಗಾಜಿನ ಬಟ್ಟೆ, ಮಾಸ್ಕಿಂಗ್ ಟೇಪು, ಚಹದ ಕಾಗದದ ಬಟ್ಟಲು ಎಲ್ಲ ಕೂಡಿದ್ದವು.

ಆಗ ನಮಗೆ ತಿಳಿಯಿತು. ಎಳೆ ಕೆಡುವುದು ಗೂಡಿನಲ್ಲಿ ಕಡಿಮೆ, ಚೀಲದಲ್ಲಿ ಹೆಚ್ಚು. ಸುರುಳಿಯ ಮೇಲೆ ಹುಟ್ಟು, ದರ್ಜೆ, ತಾರೀಖು ಎಲ್ಲ ಅಚ್ಚಾಗಿರುತ್ತವೆ. ಕತ್ತರಿ ಆಡಿದ ಕ್ಷಣದಲ್ಲಿ ಬಳಸುವ ತುಂಡು ಆ ಕುಲಗೋತ್ರವನ್ನು ಜೊತೆಗೆ ಒಯ್ಯುತ್ತದೆ, ನೆಲಕ್ಕೆ ಬಿದ್ದ ತುಂಡು ಅನಾಥವಾಗುತ್ತದೆ. ನೋಡಿದರೆ ಎರಡೂ ಕಪ್ಪು. ಯಾವುದೆಂದು ತಿಳಿಯದ ಎಳೆಯನ್ನು ಯಾವ ಎಂಜಿನಿಯರೂ ತನ್ನ ಲೆಕ್ಕಕ್ಕೆ ಸೇರಿಸಲಾರ. ಬೋಯಿಂಗ್ ಕಂಪನಿಯು 2018ರಲ್ಲಿ ಇಂಗ್ಲೆಂಡಿನ ಇ.ಎಲ್.ಜಿ. ಕಾರ್ಬನ್ ಫೈಬರ್ ಎಂಬ ಮರುಪಡೆಯುವ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ತನ್ನ ಹನ್ನೊಂದು ಕಾರಖಾನೆಗಳ ಕಸ ಕೊಡಲು ಒಪ್ಪಿತು. ಒಂದೇ ಜಾತಿಯ, ಹುಟ್ಟು ಗೊತ್ತಿರುವ ಕಸವು ತಿಂಗಳು ತಿಂಗಳಿಗೆ ತಪ್ಪದೆ ಬರುವಾಗ ಗೂಡು ಕಟ್ಟುವವನಿಗೆ ಧೈರ್ಯ ಬರುತ್ತದೆ. ನಮ್ಮಂಥ ಹತ್ತು ಸಣ್ಣ ಕಾರಖಾನೆಗಳ ಕಲಬೆರಕೆ ಚೀಲ ನೋಡಿ ಯಾರಿಗೂ ಬರದು.

ಇದಕ್ಕೆ ಪರಿಹಾರ ಹೇಳಿದವರು ನಮ್ಮ ಜೊತೆ ಕತ್ತರಿಸುವ ಮೇಜಿನಲ್ಲಿ ನಿಲ್ಲುವ, ಇಳಕಲ್ಲ ಕಡೆಯ ಅಕ್ಕ. ಅವರ ತವರಿನಲ್ಲಿ ಮಗ್ಗ ಇತ್ತು. ನಾವು ಐದು ಪ್ರಶ್ನೆಯ ಕಾಗದ ಹಿಡಿದು ಚಿಂತಿಸುತ್ತಿದ್ದಾಗ ಅವರು ನಕ್ಕು, "ಇದರಾಗೇನೈತಿ? ನಮ್ಮಪ್ಪ ಉಳಿದ ರೇಷ್ಮಿ ಒಂದು ಡಬ್ಬಿ, ಹತ್ತಿ ಒಂದು ಡಬ್ಬಿ ಇಡತಿದ್ದ. ಕಲಿಸಿದರ ಮುಂಜಾನಿ ಬಿಡಿಸಾಕ ಯಾರ ಕುಂದರತಾರ?" ಎಂದರು. ಮರುದಿನವೇ ಮೇಜಿನ ಕೆಳಗೆ ನಾಲ್ಕು ಚೀಲ ಕಟ್ಟಿದರು: ಒಣಗಿದ್ದು, ರಾಳದ್ದು, ಬೆಂದದ್ದು, ಗಾಜಿನದು. ಸುರುಳಿ ಮುಗಿದಾಗ ಅದರ ಚೀಟಿಯನ್ನು ಹರಿದು ಎಸೆಯದೆ ಆಯಾ ಚೀಲದ ಬಾಯಿಗೆ ಪಿನ್ನು ಚುಚ್ಚತೊಡಗಿದರು. ಗೇಣುದ್ದಕ್ಕಿಂತ ದೊಡ್ಡ ತುಂಡನ್ನು ಮಡಿಸಿ ಬೇರೆ ಇಡುತ್ತಾರೆ. ಸಣ್ಣ ಬ್ರಾಕೆಟ್ಟುಗಳಿಗೆ ಅದರಿಂದಲೇ ಕತ್ತರಿಸಿ ಕೊಟ್ಟದ್ದೂ ಉಂಟು. ಹೊಸ ಯಂತ್ರವಿಲ್ಲ, ಸಾಲವಿಲ್ಲ. ದಿನಕ್ಕೆ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಮೇಲ್ವಿಚಾರಕರು ಆ ಹತ್ತು ನಿಮಿಷಕ್ಕೂ ಗೊಣಗಿದರೆಂಬುದನ್ನು ಮುಚ್ಚಿಡುವುದಿಲ್ಲ.

ಫಲವೇನೆಂದು ಕೇಳಿದರೆ ಇದ್ದದ್ದು ಇದ್ದಂತೆ ಹೇಳುತ್ತೇವೆ. ಒಣ ಬಟ್ಟೆಯ ಚೀಲಗಳಿಗೆ ಗಿರಾಕಿ ಸಿಕ್ಕಿದರು. ಅವರು ಅದನ್ನು ಸಣ್ಣಗೆ ಕತ್ತರಿಸಿ ಅಚ್ಚಿನ ಹಿಟ್ಟಿಗೆ ಬೆರೆಸುತ್ತಾರೆ. ಬಂದ ದುಡ್ಡು ಹೆಚ್ಚಲ್ಲ. ಮೇಜಿನವರ ಚಹಕ್ಕೆ, ಮುಖಕ್ಕೆ ಕಟ್ಟುವ ಒಳ್ಳೆಯ ಮುಸುಕಿಗೆ ಸಾಕಾಗುತ್ತದೆ. ರಾಳದ ಬಟ್ಟೆಯನ್ನು ಕಾವು ಕೊಟ್ಟು ಗಟ್ಟಿ ಮಾಡಿಯೇ ಇಡುತ್ತೇವೆ, ಹಸಿ ರಾಳ ಮೈಗೆ ಒಳ್ಳೆಯದಲ್ಲ. ಬೆಂದದ್ದಕ್ಕೆ ಇನ್ನೂ ಯಾರೂ ಬಂದಿಲ್ಲ. ಒಂದು ಲಾರಿ ತುಂಬುವಷ್ಟಾದರೆ ಮಾತಾಡೋಣ ಎಂದು ಆ ಖರೀದಿದಾರರು ಬರೆದಿದ್ದಾರೆ. ನಮ್ಮೊಬ್ಬರ ಕಾರಖಾನೆಯಿಂದ ಲಾರಿ ತುಂಬಲು ವರ್ಷಗಳು ಬೇಕು. ವಸಾಹತಿನ ಇತರ ಕಾರಖಾನೆಗಳಲ್ಲಿ, ವಾಳುಜದಲ್ಲಿ, ನಾಸಿಕದಲ್ಲಿ ಈ ಕೆಲಸ ಮಾಡುವ ಕನ್ನಡದವರು ಈ ವಾಚನಾಲಯಕ್ಕೆ ಬರುತ್ತೀರಿ. ನಿಮ್ಮ ಮೇಜಿನ ಕೆಳಗೂ ನಾಲ್ಕು ಚೀಲ ಕಟ್ಟಿದರೆ, ಚೀಟಿ ಒಂದೇ ಮಾದರಿಯಲ್ಲಿ ಬರೆದರೆ, ಲಾರಿ ಬೇಗ ತುಂಬೀತು. ಚೀಟಿಯ ಮಾದರಿಯನ್ನು ಬರೆದು ಪತ್ರಿಕೆಗಳ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಎಳೆಯ ಹೆಸರು, ರಾಳದ ಹೆಸರು, ಸ್ಥಿತಿ, ತೂಕ, ತಾರೀಖು, ಐದೇ ಸಾಲು.

ಬೆಂದ ತುಂಡಿನ ಚೀಲಗಳು ಈಗ ಹದಿನೇಳು. ಹಿತ್ತಲಿನ ತಗಡಿನ ಮಾಡಿನ ಕೆಳಗೆ, ಮಳೆ ತಾಗದಂತೆ, ಹಲಗೆಯ ಮೇಲೆ ನಿಲ್ಲಿಸಿದ್ದೇವೆ. ಹೋದ ವಾರ ಒಂದರ ಚೀಟಿಯಲ್ಲಿ ತಾರೀಖು ತಪ್ಪಿತ್ತೆಂದು ಅಕ್ಕ ಅದನ್ನು ಕಿತ್ತು, ಬೇರೆ ಬರೆಸಿ ಹಚ್ಚಿದರು.